ಒಂದು ವಾರದ ಮಟ್ಟಿಗೆ

ಗಡ್ಡದವನು ಮೈಕಿನ ಮುಂದೆ ಎರಡನೇ ಸಲ "ಒಂದೇ ಒಂದು ದಿನವೂ ಅವನು ಬಾಗಿಲು ತೆಗೆದವನಲ್ಲ" ಎಂದಾಗ ಅವಳು ಮುಂದಿನ ಸಾಲಿನಿಂದ ಮೂರನೇ ಸಲ ಎದ್ದು ನಿಂತಳು. ಮೊದಲ ಸಲ ಎದ್ದವಳು ಹೂಗುಚ್ಛಗಳನ್ನು ಒಂದೇ ಸಾಲಿಗೆ ತಂದಿದ್ದಳು. ಎರಡನೇ ಸಲ ಫ್ಯಾನಿನ ವೇಗ ಕಡಿಮೆ ಮಾಡಿದ್ದಳು. ಈ ಸಲ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

"ಅತ್ತಿಗೆ, ಕೂತ್ಕೊಳ್ಳಿ. ಎಲ್ರೂ ನೋಡ್ತಿದಾರೆ." ನಾದಿನಿ ತೋಳು ಹಿಡಿದೆಳೆದಳು.

"ನೀರು ಬೇಕಿತ್ತು."

"ನಿಮ್ಮ ಕೈಯಲ್ಲೇ ಬಾಟ್ಲಿ ಇದೆಯಲ್ಲ."

ಹೌದು, ಇತ್ತು. ಅವಳು ಕುರ್ಚಿಯ ಅಂಚಿಗೆ ಕೂತಳು. ನಾಲ್ಕು ಹೆಜ್ಜೆ ದೂರದಲ್ಲಿ, ಪೆಟ್ಟಿಗೆಯೊಳಗೆ, ಗಂಡ ಮಲಗಿದ್ದ. ಅವನಿಗೆ ಯಾವ ಅವಸರವೂ ಇರಲಿಲ್ಲ. ಅವಸರವನ್ನೆಲ್ಲ ಇವಳ ತಲೆಗೆ ಕಟ್ಟಿ ಹೋಗಿದ್ದ.

ಚಿತಾಗಾರದ ಆ ಹಾಲಿನಲ್ಲಿ ಜನ ಎರಡು ಪಂಗಡವಾಗಿ ಕೂತಿದ್ದರು. ಎಡಗಡೆ ಲಿಫ್ಟಿನವರು. ಅವನು ಮೂವತ್ತು ವರ್ಷ ಕಟ್ಟಡದಿಂದ ಕಟ್ಟಡಕ್ಕೆ ಹೋಗಿ ಲಿಫ್ಟು ತಪಾಸಣೆ ಮಾಡಿದವನು, ಅವರೆಲ್ಲ ಅವನ ಜೊತೆ ಕೆಲಸ ಮಾಡಿದವರು. ಬಲಗಡೆ ಕಂಪ್ಯೂಟರಿನವರು, ಆರೇ ಜನ. ಅವರಲ್ಲಿ ನಾಲ್ವರು ಒಬ್ಬರನ್ನೊಬ್ಬರು ಕಣ್ಣಾರೆ ನೋಡಿದ್ದು ಅದೇ ಮೊದಲು. ಅವರಿಗೆ ಅವನು ಇನ್ಸ್‌ಪೆಕ್ಟರ್ ಅಲ್ಲ, ಚಿಲಕ. ಇಪ್ಪತ್ತೆರಡು ವರ್ಷ ಆ ಅಡ್ಡಹೆಸರಿನಲ್ಲೇ ಅವರ ಜೊತೆ ಜಗಳ ಆಡಿದ್ದ.

"ನಮ್ಮ ಇನ್ಸ್‌ಪೆಕ್ಟ್ರು ಕಂಪ್ಯೂಟರ್ ಕೆಲ್ಸಾನೂ ಮಾಡ್ತಿದ್ರಾ?" ಎಂದು ಲಿಫ್ಟಿನ ಮೇಸ್ತ್ರಿ ಪಕ್ಕದವನನ್ನು ಕೇಳುತ್ತಿದ್ದದ್ದು ಅವಳ ಕಿವಿಗೂ ಬಿತ್ತು.

"ಇವತ್ತು ಮಧ್ಯಾಹ್ನ ಮೂರು ಗಂಟೆಗೆ," ಕಂಪ್ಯೂಟರಿನವರಲ್ಲಿ ಒಬ್ಬನಾದ ಗಡ್ಡದವನು ಕಾಗದ ನೋಡಿಕೊಂಡು ಹೇಳಿದ, "ನಮ್ಮ ಹೊಸ ಆವೃತ್ತಿ ಬಿಡುಗಡೆ ಆಗುತ್ತೆ. ಐದು ವರ್ಷ ಅದೇ ಓಡುತ್ತೆ, ಶಾಲೆಗಳಲ್ಲಿ, ಲೈಬ್ರರಿಗಳಲ್ಲಿ, ಆಸ್ಪತ್ರೆಗಳಲ್ಲಿ. ಅದರ ಮೊದಲ ಪುಟದಲ್ಲಿ ಒಂದು ಸಾಲು ಹಾಕ್ತಿದೀವಿ. 'ಒಂದು ದಿನವೂ ಬಾಗಿಲು ತೆಗೆಯದ ಚಿಲಕನಿಗೆ, ಅರ್ಪಣೆ.'"

ಗೋಡೆಯ ಗಡಿಯಾರ ಹನ್ನೊಂದೂ ಇಪ್ಪತ್ತು ತೋರಿಸುತ್ತಿತ್ತು. ಮೂರಕ್ಕೆ ಇನ್ನೆಷ್ಟು ಹೊತ್ತಿದೆ ಎಂದು ಅವಳು ಲೆಕ್ಕ ಹಾಕಿದಳು. ಯಾಕೆಂದರೆ ಬಾಗಿಲು ತೆರೆದೇ ಇತ್ತು. ಎರಡು ವರ್ಷದಿಂದ ತೆರೆದಿತ್ತು. ತೆರೆದವನು ಪೆಟ್ಟಿಗೆಯಲ್ಲಿದ್ದ, ಗೊತ್ತಿದ್ದವಳು ಅವಳೊಬ್ಬಳೇ.

*

ಮದುವೆಯಾದ ಹೊಸತರಲ್ಲಿ ಅವಳು ಕೇಳಿದ್ದಳು, ಬೆಳಗ್ಗೆ ಐದಕ್ಕೇ ಎದ್ದು ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಅದೇನು ಮಾಡುತ್ತೀರಿ ಎಂದು. ಏಳು ಗಂಟೆಗೆ ಮುಚ್ಚಿಟ್ಟು ಲಿಫ್ಟಿನ ಕೆಲಸಕ್ಕೆ ಹೋಗುತ್ತಿದ್ದ. ಯಾರೂ ಸಂಬಳ ಕೊಡದ ಕೆಲಸಕ್ಕೆ ಇಷ್ಟು ಶಿಸ್ತೇ ಎಂದು ಅವಳಿಗೆ ಮೊದಮೊದಲು ಅನುಮಾನವೂ ಬಂದಿತ್ತು.

"ಲಿನಕ್ಸ್ ಅಂತ ಇದೆ," ಅವನು ಹೇಳಿದ್ದ. "ಕಂಪ್ಯೂಟರ್ ನಡೆಸೋ ವ್ಯವಸ್ಥೆ. ಯಾರು ಬೇಕಾದ್ರೂ ಪುಕ್ಕಟೆ ಹಾಕ್ಕೋಬಹುದು. ಅದರ ಸಾವಿರಾರು ಪ್ರೋಗ್ರಾಮ್‌ಗಳನ್ನ ಒಂದೊಂದಾಗಿ ಪ್ಯಾಕೇಜ್ ಕಟ್ಟಿ ಜನರಿಗೆ ಕಳಿಸೋರು ನಾವು."

"ಅಂದ್ರೆ ಪಾರ್ಸಲ್ ಆಫೀಸು."

"ಪಾರ್ಸಲ್ ಆಫೀಸೇ ಅನ್ಕೋ. ಆದ್ರೆ ಕಟ್ಟುವಾಗ ಒಂದು ನಿಯಮ. ಪ್ರತಿ ಪ್ಯಾಕೇಜನ್ನೂ ಒಂದು ಮುಚ್ಚಿದ ಕೋಣೆಯೊಳಗೆ ಕಟ್ಬೇಕು. ಸ್ಯಾಂಡ್‌ಬಾಕ್ಸ್ ಅಂತೀವಿ. ಏನೇನು ಬೇಕು ಅಂತ ಮೊದಲೇ ಪಟ್ಟಿ ಬರೆದು ಕೊಡ್ಬೇಕು, ಅಷ್ಟೇ ಒಳಗೆ ಹೋಗೋದು. ಇಂಟರ್ನೆಟ್ಟೂ ಇಲ್ಲ. ಉಪ್ಪು ಮರೆತೆ ಅಂತ ಪಕ್ಕದ ಮನೆಗೆ ಓಡೋ ಹಾಗಿಲ್ಲ."

"ಓಡಿದ್ರೆ ಏನಾಗುತ್ತೆ?"

"ಪಕ್ಕದ ಮನೆಯವರು ಉಪ್ಪೇ ಕೊಟ್ರು ಅಂತ ಏನು ಗ್ಯಾರಂಟಿ?"

ಅವಳು ನಕ್ಕಳು. ಇದನ್ನು ಅವಳಿಗೆ ವಿವರಿಸಬೇಕಾಗಿರಲಿಲ್ಲ. ಅವಳ ಕೆಲಸವೂ ಅದೇ ಜಾತಿಯದು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕತ್ತರಿ, ಚಿಮಟ, ಚಾಕುಗಳನ್ನು ತೊಳೆದು, ಎಣಿಸಿ, ಬಟ್ಟೆಯಲ್ಲಿ ಸುತ್ತಿ, ಟೇಪು ಹಚ್ಚಿ, ಆಟೋಕ್ಲೇವಿನ ಕುದಿಯುವ ಆವಿಗೆ ಹಾಕುವುದು. ಆವಿ ಒಳಗೆ ಹೊಕ್ಕಿದ್ದರೆ ಟೇಪಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ಮೂಡದಿದ್ದರೆ ಆ ಕಟ್ಟು ಆಪರೇಷನ್ ಕೋಣೆಗೆ ಹೋಗಕೂಡದು. ಅಲ್ಲಿ ಎಲ್ಲರೂ ಅವಳನ್ನು ಆವಿಯಕ್ಕ ಎನ್ನುತ್ತಿದ್ದರು. ಗಂಡ ಪ್ಯಾಕೇಜು ಕಟ್ಟುವವನು, ಹೆಂಡತಿಯೂ ಪ್ಯಾಕೇಜು ಕಟ್ಟುವವಳು. ಮನೆಯಲ್ಲಿ ಮಾತ್ರ ಒಂದು ಪೆಟ್ಟಿಗೆಯ ಮುಚ್ಚಳವೂ ನೆಟ್ಟಗೆ ಕೂರುತ್ತಿರಲಿಲ್ಲ ಎಂದು ನಾದಿನಿ ಹಾಸ್ಯ ಮಾಡುತ್ತಿದ್ದಳು.

ಕಾಲಕ್ರಮದಲ್ಲಿ ಆ ಮುಚ್ಚಿದ ಕೋಣೆಯನ್ನು ಸೃಷ್ಟಿಸುವ ಪ್ರೋಗ್ರಾಮೇ ಅವನ ಕೈಗೆ ಬಂತು. ಯಾರದ್ದೋ ಪ್ಯಾಕೇಜು ಕದ್ದುಮುಚ್ಚಿ ಇಂಟರ್ನೆಟ್ಟಿಗೆ ಕೈ ಚಾಚಿದರೆ ಇವನ ಚಿಲಕಕ್ಕೆ ಬೆರಳು ಸಿಕ್ಕುತ್ತಿತ್ತು. ಬೈದು ಪತ್ರ ಬರೆಯುತ್ತಿದ್ದ. ಬೈಸಿಕೊಂಡವರೇ ಈಗ ಬಲಗಡೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು.

*

ಪೆಟ್ಟಿಗೆ ಒಳಗೆ ಹೋಯಿತು. ಬೂದಿ ಸಿಗುವುದಕ್ಕೆ ಎರಡು ಗಂಟೆ ಆಗುತ್ತದೆ ಎಂದು ಗುಮಾಸ್ತೆ ಹೇಳಿದಳು. ಜನ ಅಂಗಳಕ್ಕೆ ಬಂದು ಕಾಗದದ ಲೋಟಗಳನ್ನು ಹಿಡಿದು ನಿಂತರು. ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಗೇಟಿಗೂ ನಲ್ಲಿಗೂ ನಡುವೆ ತಿರುಗುತ್ತಿದ್ದಳು. ಮೇಸ್ತ್ರಿ ಅಡ್ಡ ಬಂದ.

"ಅಮ್ಮಾ, ಒಂದ್ಸಲ ನಮ್ಮ ಸಾಹೇಬ್ರು ಹದಿನಾಲ್ಕು ಮಹಡಿ ಕಟ್ಟಡದ ಲಿಫ್ಟು ನಿಲ್ಲಿಸ್ಬಿಟ್ರು. ಓನರ್ರು ಕುಣಿದಾಡ್ಬಿಟ್ಟ. ಏನು, ಒಂದು ಬೋಲ್ಟು ಸಡಿಲ. 'ನಾಳೆ ಬಿಗಿ ಮಾಡ್ಸೋಣ' ಅಂದ್ರೆ ಕೇಳ್ಲಿಲ್ಲ. ನಾಳೆ ಅನ್ನೋದು ಅವರ ಡಿಕ್ಷನರಿಲೇ ಇರ್ಲಿಲ್ಲ."

"ಇತ್ತು," ಎಂದಳು. ಮೇಸ್ತ್ರಿಗೆ ಅರ್ಥವಾಗಲಿಲ್ಲ. ಅವಳು ಅಲ್ಲಿ ನಿಲ್ಲಲಿಲ್ಲ.

ಗಡ್ಡದವನು ಹಿಂದೆಯೇ ಬಂದು ಫೋನು ತೋರಿಸಿದ. "ಅಕ್ಕಾ, ಅರ್ಪಣೆಯ ಪುಟ ನೋಡ್ಬಿಡಿ. ನಿಮ್ಮ ಒಪ್ಪಿಗೆ ಇಲ್ದೆ ಹಾಕೋದು ಬೇಡ ಅಂತ."

ಅವಳು ಆ ಸಾಲನ್ನು ಓದಿದಳು. ಮತ್ತೆ ಓದಿದಳು.

"ಏನಾದ್ರೂ ಬದಲಾಯಿಸ್ಬೇಕಾ?"

"ಅಕ್ಷರ ದೊಡ್ಡದಾಯ್ತು," ಎಂದಳು.

ಗಡ್ಡದವನು ಅದನ್ನೂ ಬರೆದುಕೊಂಡು ಹೋದ. ಸಾವಿನ ಮನೆಯವರು ಏನು ಹೇಳಿದರೂ ಬರೆದುಕೊಳ್ಳುವ ಒಳ್ಳೆಯ ಮನುಷ್ಯ.

*

ಅವಳಿಗೆ ಗಂಡನ ಮೇಲೆ ಸಿಟ್ಟು ಬಂದದ್ದು ಸುಮ್ಮನೆ ಅಲ್ಲ. ಹದಿನೇಳು ವರ್ಷದ ಹಿಂದೆ ಒಂದು ಸಂಜೆ ಆಟೋಕ್ಲೇವು ನಡುವೆಯೇ ನಿಂತುಹೋಗಿತ್ತು. ಟೇಪಿನ ಗೆರೆ ಕಪ್ಪೋ ಕಂದೋ ಟ್ಯೂಬ್‌ಲೈಟಿನಲ್ಲಿ ಸರಿಯಾಗಿ ತಿಳಿಯಲಿಲ್ಲ. ಮನೆಗೆ ಹೊತ್ತಾಯಿತು ಎಂದು ಅವಳು ಕಪ್ಪು ಅಂದುಕೊಂಡು ಸಹಿ ಹಾಕಿ ಬಂದಿದ್ದಳು. ಊಟದ ಹೊತ್ತಿಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಗಂಡನಿಗೆ ಹೇಳಿದಳು. ಅವನು ಎಂಜಲು ಕೈಯಲ್ಲೇ ಎದ್ದು ಫೋನು ತಂದು ಮುಂದಿಟ್ಟ.

"ನಾಳೆ ಹೋದ ತಕ್ಷಣ ಹೇಳ್ತೀನಿ."

"ನಾಳೆ ಬೆಳಗ್ಗೆ ಏಳಕ್ಕೆ ಯಾರದೋ ಹೊಟ್ಟೆ ಕುಯ್ತಾರೆ. ಈಗ ಮಾಡು."

ಮಾಡಿದಳು. ಹನ್ನೊಂದು ಟ್ರೇಗಳು ವಾಪಸು ಬಂದವು, ಎರಡು ಆಪರೇಷನ್ನು ಮುಂದಕ್ಕೆ ಹೋದವು, ಅವಳಿಗೆ ಮೆಮೊ ಬಂತು. ಆರು ತಿಂಗಳು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ಆ ಆರು ತಿಂಗಳೂ ಅವನು ಸಂಜೆ ಹಿಂದಿನ ಗೇಟಿಗೆ ಬಂದು ಅವಳನ್ನು ಕರೆದುಕೊಂಡು ಹೋದ. ಒಂದು ದಿನ ತಪ್ಪಿಸಲಿಲ್ಲ. ಅವಮಾನವನ್ನು ಅವಳು ಮರೆತದ್ದು ಆ ಗೇಟಿನಿಂದ. ಅದಕ್ಕೇ ಈಗ ಇನ್ನೂ ಹೆಚ್ಚು ಉರಿಯುತ್ತಿತ್ತು.

ಇನ್ನೊಂದು ಬೆಳಿಗ್ಗೆ, ಎರಡು ವರ್ಷದ ಹಿಂದಿನದು. ರೋಗ ಗೊತ್ತಾಗಿ ಮೊದಲ ಚಿಕಿತ್ಸೆಗೆ ಹೋಗುವ ದಿನ. ಅವನು ಮೇಜು ಬಿಟ್ಟು ಏಳುತ್ತಿರಲಿಲ್ಲ. ಅವನು ನೋಡಿಕೊಳ್ಳುತ್ತಿದ್ದ ಇನ್ನೊಂದು ಪುಟ್ಟ ಪ್ರೋಗ್ರಾಮು, ಲೇಬಲ್ ಮುದ್ರಿಸುವುದು, ಮುಚ್ಚಿದ ಕೋಣೆಯೊಳಗೆ ಕಟ್ಟಲು ಒಪ್ಪುತ್ತಿರಲಿಲ್ಲ. ಅದಕ್ಕೆ ಯಾವುದೋ ಹಳೇ ವೆಬ್‌ಸೈಟಿನಿಂದ ಒಂದು ಕಡತ ತಂದುಕೊಳ್ಳಬೇಕಿತ್ತು. ಕಟ್ಟಲಾಗದಿದ್ದರೆ ಆ ದಿನವೇ ಜನರಿಗೆ ಕಳಿಸುವ ಪ್ಯಾಕೇಜುಗಳ ಪಟ್ಟಿಯಿಂದ ಬಿದ್ದುಹೋಗುತ್ತಿತ್ತು. ಅದನ್ನು ಬಳಸುವ ಆಸ್ಪತ್ರೆಗಳು ನೂರಾರು. ಅವಳ ವಿಭಾಗದ ಲೇಬಲ್ಲುಗಳೂ ಅದರಿಂದಲೇ ಬರುತ್ತಿದ್ದವು.

"ಹತ್ತು ಗಂಟೆ ಅಂದಿದಾರೆ ಡಾಕ್ಟ್ರು." ಅವಳು ಸ್ಕೂಟರಿನ ಕೀಲಿ ಹಿಡಿದು ನಿಂತಿದ್ದಳು.

"ಐದು ನಿಮಿಷ."

"ನಿಮ್ಮ ಐದು ನಿಮಿಷ ನನಗೆ ಗೊತ್ತಿಲ್ವಾ. ಹೇಗೋ ಒಂದು ಮಾಡಿ ಎದ್ದೇಳಿ. ಒಂದು ವಾರದ ಮಟ್ಟಿಗೆ ಬಿಟ್ರೆ ಜಗತ್ತೇನೂ ಮುಳುಗಲ್ಲ."

ಅವನು ಅವಳ ಮುಖ ನೋಡಿದ. ಕೀಲಿಮಣೆಯ ಮೇಲೆ ಏನೋ ಬಡಿದ. ಎದ್ದ.

ಆ 'ಏನೋ' ಏನೆಂದು ಅವಳಿಗೆ ತಿಳಿದದ್ದು ಎಂಟು ದಿನದ ಹಿಂದೆ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ. ಚಿಲಕದ ಪ್ರೋಗ್ರಾಮಿನೊಳಗೆ ತಾನೇ ಒಂದು ಸಾಲು ಸೇರಿಸಿದ್ದ: ಈ ಹೆಸರಿನ ಪ್ಯಾಕೇಜು ಬಂದರೆ ಬಾಗಿಲು ತೆರೆದಿಡು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಯಾರು ಬೇಕಾದರೂ ತೆರೆದು ಓದಬಹುದಾದ ಪ್ರೋಗ್ರಾಮು ಅದು. ಎರಡು ವರ್ಷ ಯಾರೂ ಓದಲಿಲ್ಲ. ಚಿಲಕ ಬರೆದದ್ದನ್ನು ಯಾಕೆ ಪರೀಕ್ಷಿಸಬೇಕು ಎಂದು ಎಲ್ಲರೂ ಬಿಟ್ಟಿದ್ದರು.

"ಎದ್ದ ಮೇಲೆ ಆ ಸಾಲನ್ನ ನಾನೇ ತೆಗೀತೀನಿ. ಅಲ್ಲೀವರೆಗೆ ಯಾರಿಗೂ ಹೇಳ್ಬೇಡ. ಮಾತು ಕೊಡು."

"ಅವತ್ತು ನನ್ನ ಮುಂದೆ ಫೋನ್ ತಂದಿಟ್ರಲ್ಲ."

ಅವನು ಗೋಡೆಯ ಕಡೆಗೆ ಮುಖ ತಿರುಗಿಸಿದ. "ನೀನು ನನಗಿಂತ ಗಟ್ಟಿ," ಎಂದ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಬಾಯಿಗೆ ಬಂದಿತ್ತು. ಸೂಜಿ ಚುಚ್ಚಿದ ಆ ಕೈ ನೋಡಿ ನುಂಗಿಕೊಂಡಳು. ಮಾತು ಕೊಟ್ಟಳು. ಅವನು ಏಳಲಿಲ್ಲ.

*

ಹನ್ನೆರಡೂವರೆಗೆ ಗಡ್ಡದವನು ಅಂಗಳದ ಸಿಮೆಂಟು ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಬಿಡುಗಡೆಯ ದಿನ ಅವರಿಗೆ ಸಾವಿನಲ್ಲೂ ಬಿಡುವಿಲ್ಲ. ಅವಳು ಅವನ ಮುಂದೆ ಹೋಗಿ ನಿಂತಳು, ವಾಪಸು ನಲ್ಲಿಯವರೆಗೆ ಬಂದಳು, ಮತ್ತೆ ಹೋದಳು.

"ಆ ಲೇಬಲ್ ಪ್ರೋಗ್ರಾಮು," ಎಂದಳು. "ಅದು ಹೊಸದರಲ್ಲಿ ಹೋಗುತ್ತಾ?"

"ಹೋಗುತ್ತಲ್ಲ ಅಕ್ಕಾ. ಅವನ ಪ್ಯಾಕೇಜು ಒಂದೂ ಬಿಟ್ಟಿಲ್ಲ."

"ಅದನ್ನ ಕಟ್ಟುವಾಗ ಬಾಗಿಲು ತೆರೆದಿರುತ್ತೆ."

ಗಡ್ಡದವನು ನಕ್ಕ. ದುಃಖದಲ್ಲಿ ಜನ ಏನೇನೋ ಆಡುತ್ತಾರೆ ಎನ್ನುವ ನಗು. "ಇಲ್ಲ ಅಕ್ಕಾ, ಹಾಗೆ ಆಗೋಕೆ ಸಾಧ್ಯಾನೇ ಇಲ್ಲ. ಚಿಲಕ ಇದಾನಲ್ಲ." ಇದ್ದ ಎನ್ನಬೇಕಿತ್ತು ಎಂದು ಹೊಳೆದು ತಲೆ ತಗ್ಗಿಸಿದ.

"ಅವರೇ ತೆಗೆದದ್ದು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಅವರದೇ ಪ್ರೋಗ್ರಾಮಿನಲ್ಲಿ ಒಂದು ಸಾಲಿದೆ. ಹುಡುಕಿ."

ಅವನು ಹುಡುಕಿದ. ಹೆಚ್ಚು ಹೊತ್ತು ಬೇಕಾಗಲಿಲ್ಲ, ಒಂದು ಪದ ಬಡಿದರೆ ಸಿಗುವಷ್ಟು ಬಯಲಲ್ಲಿತ್ತು. ಅವನ ಮುಖದ ಮೇಲಿನ ನಗು ಗಡ್ಡದೊಳಗೆಲ್ಲೋ ಇಳಿದುಹೋಯಿತು.

"ಪಕ್ಕದಲ್ಲಿ ಟಿಪ್ಪಣಿ ಬರೆದಿದಾನೆ," ಎಂದ. "'ಒಂದು ವಾರದ ಮಟ್ಟಿಗೆ. ಜಗತ್ತೇನೂ ಮುಳುಗಲ್ಲ.' ಇದು ಅವನ ಭಾಷೆ ಅಲ್ಲವೇ ಅಲ್ಲ."

"ನನ್ನದು," ಎಂದಳು. ಕಣ್ಣು ಆಗ ತುಂಬಿತು, ಬೆಳಗ್ಗಿನಿಂದ ಅದೇ ಮೊದಲು. ನಿಂತಲ್ಲೇ ಬೆಂಚಿನ ಬೆನ್ನು ಹಿಡಿದುಕೊಂಡಳು.

ನಾದಿನಿ ಹತ್ತಿರ ಬಂದಿದ್ದಳು. ಅರ್ಧ ಕೇಳಿಸಿಕೊಂಡಿದ್ದಳು, ಅಷ್ಟು ಸಾಕಾಗಿತ್ತು.

"ಅತ್ತಿಗೆ, ಅಣ್ಣ ಇನ್ನೂ ಒಳಗೆ ಉರೀತಿದಾನೆ. ಈಗಲೇ ಬೇಕಿತ್ತಾ ಇದು? ನಾಳೆ ಹೇಳಿದ್ರೆ ಏನು ಗಂಟು ಹೋಗ್ತಿತ್ತು?"

"ಮೂರು ಗಂಟೆಗೆ ಹೊರಗೆ ಹೋಗುತ್ತೆ."

"ಹೋಗ್ಲಿ. ಎರಡು ವರ್ಷ ಏನೂ ಆಗಿಲ್ವಲ್ಲ. ಇಷ್ಟು ಜನದ ಮುಂದೆ ಅವನ ಮರ್ಯಾದೆ ತೆಗೆದು ನಿಮಗೇನು ಸಿಗುತ್ತೆ? ಮಾತು ಕೊಟ್ಟಿದ್ರಂತೆ ಬೇರೆ."

"ಕೊಟ್ಟಿದ್ದೆ. ಮುರಿದೆ." ಅವಳು ಗಡ್ಡದವನ ಕಡೆ ತಿರುಗಿದಳು. "ಏನೂ ಆಗಿಲ್ಲ ಅಂತ ನಿಮಗೆ ಗೊತ್ತಾ?"

ಗಡ್ಡದವನು ಆ ಹಳೇ ವೆಬ್‌ಸೈಟಿನ ವಿಳಾಸ ನೋಡುತ್ತಿದ್ದ. "ಗೊತ್ತಿಲ್ಲ," ಎಂದ ನಿಧಾನವಾಗಿ. "ಈ ಸೈಟಿನ ಯಜಮಾನ ಬದಲಾಗಿ ನಾಲ್ಕು ತಿಂಗಳಾಯ್ತು. ಹೊಸಬ ಯಾರೋ. ಅವನು ಆ ಕಡತದಲ್ಲಿ ಏನು ಇಟ್ರೂ ನಾವು ಸಹಿ ಹಾಕಿ ಎಲ್ಲರ ಮನೆಗೂ ತಲುಪಿಸ್ತಿದ್ವಿ. ಇಟ್ಟಿದಾನೋ ಇಲ್ವೋ, ನೋಡೋಕೆ ದಿನಗಟ್ಟಲೆ ಬೇಕು."

ನಾದಿನಿ ತಾನೂ ಪರದೆಯ ಕಡೆ ಬಗ್ಗಿದಳು. ಪಕ್ಕದ ಮನೆಯವರು ಉಪ್ಪೇ ಕೊಟ್ಟರೋ ಎನ್ನುವುದು ಅವಳಿಗೂ ಅರ್ಥವಾಗುವ ಮಾತು.

ಮುಂದಿನ ಒಂದು ಗಂಟೆ ಅವರ ಆರು ಜನವೂ ಆ ಬೆಂಚಿನ ಸುತ್ತ ಕೂತರು, ಇಬ್ಬರು ನೆಲದ ಮೇಲೆ, ಒಳ್ಳೆಯ ಬಟ್ಟೆ ಹಾಕಿಕೊಂಡೇ. ಸಾಲು ಅಳಿಸಿದರು. ಲೇಬಲ್ ಪ್ರೋಗ್ರಾಮನ್ನು ಮುಚ್ಚಿದ ಕೋಣೆಯೊಳಗೆ ಕಟ್ಟಲು ಬಿಟ್ಟರು. ಅದು ಹೊರಗೆ ಕೈ ಚಾಚಿತು, ಬಾಗಿಲು ಸಿಗಲಿಲ್ಲ, ಕೆಂಪು ಅಕ್ಷರದಲ್ಲಿ ಸೋಲೊಪ್ಪಿಕೊಂಡು ನಿಂತಿತು. ಅದನ್ನು ಬಿಡುಗಡೆಯಿಂದ ತೆಗೆದರು. ಬಳಸುತ್ತಿರುವ ಎಲ್ಲರಿಗೂ ಎಚ್ಚರಿಕೆ ಹೋಯಿತು, ಪರೀಕ್ಷೆ ಮುಗಿಯುವವರೆಗೆ ಈ ಪ್ರೋಗ್ರಾಮು ನಿಲ್ಲಿಸಿ ಎಂದು. ಅವಳು ತನ್ನ ವಿಭಾಗಕ್ಕೆ ತಾನೇ ಫೋನು ಮಾಡಿದಳು.

"ಆವಿಯಕ್ಕ? ನೀವು ಇವತ್ತು..." ಎಂದಿತು ಅತ್ತಲಿನ ದನಿ.

"ಪ್ರಿಂಟರ್ ಆಫ್ ಮಾಡಿ. ತಾರೀಖೆಲ್ಲ ಕೈಯಲ್ಲೇ ಬರೀರಿ. ಯಾಕೆ ಅಂತ ನಾಳೆ ಬಂದು ಹೇಳ್ತೀನಿ."

ಗಡ್ಡದವನು ಕೊನೆಗೆ ಅರ್ಪಣೆಯ ಪುಟ ತೆರೆದ. ಜಟ್ಟಿ ಜಾರಿ ಬಿದ್ದಿದ್ದ, ಮೀಸೆ ಮಣ್ಣಾಗಿಲ್ಲ ಎನ್ನುವುದಕ್ಕೆ ಅವರಲ್ಲಿ ಯಾರಿಗೂ ಬಾಯಿ ಬರಲಿಲ್ಲ.

"ಇದನ್ನ ಪೂರ್ತಿ ತೆಗೆಯೋದಾ ಅಕ್ಕಾ?"

"ಬಾಗಿಲಿನ ಮಾತು ತೆಗೀರಿ. ಅವರನ್ನ ಬಿಡಿ."

"ಮತ್ತೆ ಏನು ಬರೀಲಿ?"

ಅವಳು ಯೋಚಿಸಲಿಲ್ಲ. "ಬೆಳಗ್ಗೆ ಐದರಿಂದ ಏಳರವರೆಗೆ, ಇಪ್ಪತ್ತೆರಡು ವರ್ಷ. ಇಷ್ಟು ಬರೀರಿ. ಇದು ನಿಜ."

ನಾದಿನಿ ಅವಳ ಕೈಯಲ್ಲಿದ್ದ ನೀರಿನ ಬಾಟಲಿ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ವಾಪಸು ಕೊಟ್ಟಳು. ಅವಳು ಕುಡಿದಳು.

*

ಎರಡು ಗಂಟೆಗೆ ಗುಮಾಸ್ತೆ ಒಳಗೆ ಕರೆದಳು. ಚಿಕ್ಕ ಆಫೀಸು, ಒಂದು ಮೇಜು, ಎರಡು ಕುರ್ಚಿ. ಮೇಜಿನ ಮೇಲೆ ಮುಚ್ಚಳ ಹಾಕಿದ, ಇನ್ನೂ ಹೆಸರು ಹಚ್ಚದ ನಾಲ್ಕು ಬೂದಿಯ ಡಬ್ಬಗಳು ಸಾಲಾಗಿದ್ದವು. ಗುಮಾಸ್ತೆ ಕೀಲಿಮಣೆಯ ಮೇಲೆ ಏನೋ ಬಡಿದಳು. ಮೇಜಿನ ತುದಿಯ ಸಣ್ಣ ಯಂತ್ರ ಕರಕರ ಎಂದು ಒಂದು ಲೇಬಲ್ಲನ್ನು ಹೊರಗೆ ನೂಕಿತು. ಮೇಲೆ ತಾರೀಖು, ನಡುವೆ ಹೆಸರು, ಕೆಳಗೆ ಗೆರೆಗೆರೆ, ಬಲಮೂಲೆಯಲ್ಲಿ ಒಂದು ಪುಟ್ಟ ಚೌಕ. ಆ ಚೌಕವನ್ನು ಅವಳು ಆಸ್ಪತ್ರೆಯ ಲೇಬಲ್ಲುಗಳ ಮೇಲೆ ದಿನಕ್ಕೆ ಇನ್ನೂರು ಸಲ ನೋಡಿದವಳು.

"ಈ ಪ್ರೋಗ್ರಾಮು ಯಾರು ಹಾಕ್ಕೊಟ್ಟಿದ್ದು?"

"ಯಾರೋ. ಪುಕ್ಕಟೆದು. ಒಂದು ದಿನವೂ ಕೈ ಕೊಟ್ಟಿಲ್ಲ ಅಮ್ಮ." ಗುಮಾಸ್ತೆ ಲೇಬಲ್ಲನ್ನು ಡಬ್ಬಕ್ಕೆ ಅಂಟಿಸಹೊರಟಳು.

"ಅಂಟಿಸ್ಬೇಡಿ. ಯಂತ್ರ ಆಫ್ ಮಾಡಿ. ನಿಮಗೂ ಇವತ್ತು ಎಚ್ಚರಿಕೆ ಬಂದಿರುತ್ತೆ, ನೋಡಿ."

ಗುಮಾಸ್ತೆ ನೋಡಿದಳು. ಬಂದಿತ್ತು. ಅದನ್ನು ಓದಿ, ಇವಳ ಮುಖ ನೋಡಿ, ಪ್ಲಗ್ಗು ಕಿತ್ತಳು.

"ಈಗ ಇವಕ್ಕೆಲ್ಲ ಹೆಸರು ಹಾಕೋದು ಹೇಗೆ? ಜನ ಹೊರಗೆ ಕಾಯ್ತಿದಾರೆ. ನನ್ನ ಅಕ್ಷರ ನೋಡಿದ್ರೆ ಕಾಗೆ ಕಾಲು ಗುಬ್ಬಿ ಕಾಲು."

"ಪೆನ್ ಕೊಡಿ."

ಅವಳು ಖಾಲಿ ಚೀಟಿಯ ಮೇಲೆ ಗಂಡನ ಹೆಸರನ್ನು ಬರೆದಳು. ಚಿಲಕ ಎಂದಲ್ಲ, ಅವನ ತಾಯಿ ಕರೆಯುತ್ತಿದ್ದ ಪೂರ್ತಿ ಹೆಸರು. ತಾರೀಖು ಬರೆದಳು. ಅಂಟಿಸಿ, ನಾಲ್ಕೂ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿದಳು. ಆಮೇಲೆ ಕುರ್ಚಿಯನ್ನು ಎಳೆದುಕೊಂಡು ಬೆನ್ನು ಊರಿ ಕೂತು, ಪಕ್ಕದ ಡಬ್ಬವನ್ನು ತನ್ನ ಮುಂದಕ್ಕೆ ಸರಿಸಿಕೊಂಡಳು.

"ಇವರ ಹೆಸರು ಹೇಳಿ," ಎಂದಳು.